ಹೆಣ್ಣಿನ ಕೈ ದಾಟಿ ಹೋಗುವ ಹಕ್ಕು: ಜತ್ತ ಸೀಮೆಯ ಚರಿತ್ರೆಯಿಂದ

ಮಹಾಜನ ಆಯೋಗದ ಹೆಸರನ್ನು ಕಾಸರಗೋಡಿನ ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಒಪ್ಪಿಸಿದ ಆ ಏಕಸದಸ್ಯ ಆಯೋಗವು ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತ್ತು. ಅದೇ ವರದಿಯಲ್ಲಿ ಮಹಾರಾಷ್ಟ್ರದಿಂದ ಮೈಸೂರಿಗೆ ಬರಬೇಕಾದ ಪ್ರದೇಶಗಳ ಪಟ್ಟಿಯೂ ಇತ್ತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಜೊತೆಗೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ 44 ಹಳ್ಳಿಗಳ ಹೆಸರು ಆ ಪಟ್ಟಿಯಲ್ಲಿತ್ತು. ಶಿಫಾರಸು ಕಡತದಲ್ಲೇ ಉಳಿಯಿತು. ಹೀಗೆ ನಾವೂ ಜತ್ತದವರೂ ಒಂದೇ ವರದಿಯ ಎರಡು ಪುಟಗಳಲ್ಲಿ ಸಿಕ್ಕಿಕೊಂಡ ಬಂಧುಗಳು.

ಆದರೆ ಈ ಬಂಧುಗಳ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಜತ್ತ ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ಕೃಷ್ಣಾ ತೀರದ ಕಬ್ಬಿನ ಹಸಿರು ಅಲ್ಲಿಗೆ ತಲುಪುವ ಮೊದಲೇ ಮುಗಿದು ಜೋಳ, ಸಜ್ಜೆಯ ಒಣಭೂಮಿ ಆರಂಭವಾಗುತ್ತದೆ. ಉಮದಿ, ಸಂಖ, ಗುಡ್ಡಾಪುರಗಳ ಕಡೆ ಮನೆಯ ಮಾತು ವಿಜಯಪುರದ ಕನ್ನಡ, ಕಚೇರಿಯ ಮಾತು ಮರಾಠಿ. 2012ರ ಬರಗಾಲದಲ್ಲಿ ಇಲ್ಲಿಯ ಹಲವು ಗ್ರಾಮಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ನಿರ್ಣಯ ಮಾಡಿದ್ದವು. 2022ರಲ್ಲಿ ಆ ಮಾತು ಮತ್ತೆ ಎದ್ದು ಎರಡು ರಾಜ್ಯಗಳ ರಾಜಕಾರಣವನ್ನು ಬಿಸಿಮಾಡಿತು. ಇಷ್ಟು ಸುದ್ದಿಯಲ್ಲಿ ನೀರಿನ ಕೊಡ ಹೊತ್ತವರ ಧ್ವನಿ ಮಾತ್ರ ನನಗೆ ಕೇಳಿಸಲಿಲ್ಲ.

ನಿವೃತ್ತ ಅಧ್ಯಾಪಕನಾದ ನಾನು ಕೆಲವು ವರ್ಷಗಳ ಹಿಂದೆ ಆ ಸೀಮೆಯಲ್ಲಿ ಒಂದಷ್ಟು ದಿನ ಓಡಾಡಿದ್ದೇನೆ, ಅದರ ಚರಿತ್ರೆಯನ್ನು ಸಿಕ್ಕಷ್ಟು ಓದಿದ್ದೇನೆ. ಹೆಣ್ಣಿಗೆ ಅನ್ಯಾಯವಾಗುತ್ತಿದೆ ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಒಪ್ಪಿಯೂ ಅದು ಮುಂದುವರಿಯುತ್ತದೆ. ಆದ್ದರಿಂದ ಈ ಅನ್ಯಾಯ ಹೇಗೆ ಹುಟ್ಟಿತು ಎಂಬುದಕ್ಕಿಂತ, ಪ್ರತಿ ತಲೆಮಾರಿನಲ್ಲಿಯೂ ಅದು ಹೇಗೆ ಹೊಸದಾಗಿ ಹುಟ್ಟುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಂಡ ಪ್ರಶ್ನೆ. ಅದಕ್ಕೆ ಜತ್ತದ ಚರಿತ್ರೆಯಲ್ಲಿ ಒಂದು ಉತ್ತರವಿದೆ.

ಗಾದಿಯ ಮೇಲೆ ವಿಧವೆಯರು

ಜತ್ತ ಒಂದು ಸಂಸ್ಥಾನವಾಗಿತ್ತು. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ದೇಶಮುಖಿ ವತನ ಪಡೆದ ಡಫಳೆ ಮನೆತನವು 17ನೆಯ ಶತಮಾನದ ಕೊನೆಯಿಂದ 1948ರವರೆಗೆ ಅದನ್ನು ಆಳಿತು. ಬ್ರಿಟಿಷರ ಕಾಲದಲ್ಲಿ ವಿಜಾಪುರದ ಕಲೆಕ್ಟರನೇ ಈ ಸಂಸ್ಥಾನದ ಪೊಲಿಟಿಕಲ್ ಏಜೆಂಟನಾಗಿದ್ದುದರಿಂದ ಕಾಗದಪತ್ರಗಳ ದೃಷ್ಟಿಯಿಂದಲೂ ಜತ್ತದ ಮುಖ ಬಹುಕಾಲ ಕನ್ನಡನಾಡಿನ ಕಡೆಗೇ ಇತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು.

ಈ ಮನೆತನದ ಅರಸರ ಪಟ್ಟಿಯನ್ನು ನೋಡಿದರೆ ಮೊದಲಿಗೆ ಆಶ್ಚರ್ಯವಾಗುತ್ತದೆ. ಮೂಲಪುರುಷ ಸಟವಾಜಿರಾಯನ ಅನಂತರದ ಕಾಲದಲ್ಲಿ ಯೇಸೂಬಾಯಿ ಎಂಬಾಕೆ 1754ರವರೆಗೆ ಸಂಸ್ಥಾನವನ್ನು ನಡೆಸಿದಳು. 1810ರಲ್ಲಿ ಖಾನಾಜಿರಾಯ ತೀರಿಕೊಂಡ ಮೇಲೆ ರೇಣುಕಾಬಾಯಿ, 1822ರಲ್ಲಿ ಆಕೆಯ ನಂತರ ಸಾಳುಬಾಯಿ ಗಾದಿಗೆ ಬಂದರು. ಪೇಶ್ವೆಯವರು ಬಿದ್ದು ಬ್ರಿಟಿಷರು ಬಂದ ಕಷ್ಟದ ಕಾಲದಲ್ಲಿ ಜತ್ತದ ಗಾದಿಯ ಮೇಲೆ ಇದ್ದದ್ದು ಹೆಣ್ಣು. 1835ರಲ್ಲಿ ರಾಮರಾಯ ತೀರಿಕೊಂಡು ಸಂಸ್ಥಾನವು ಸಾತಾರಾ ಅರಸನ ವಶಕ್ಕೆ ಹೋಗಿದ್ದಾಗ, 1841ರಲ್ಲಿ ಅದನ್ನು ಮರಳಿ ಪಡೆದವಳು ಅವನ ವಿಧವೆ ಭಾಗೀರಥೀಬಾಯಿ. ನೆರೆಯ ಡಫಳಾಪುರದ ಆರು ಹಳ್ಳಿಗಳ ಸಣ್ಣ ಜಹಗೀರು ಕೊನೆಯಲ್ಲಿ ಉಳಿದದ್ದೂ ಕೊನೆಯ ಜಹಗೀರದಾರನ ವಿಧವೆಯರ ಕೈಯಲ್ಲಿಯೇ.

ಇಷ್ಟು ಹೆಣ್ಣುಗಳು ಆಳಿದ ಸೀಮೆಯಲ್ಲಿ ಹೆಣ್ಣಿನ ಸ್ಥಾನ ಮೇಲಿರಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಪಟ್ಟಿಯನ್ನು ಎರಡನೆಯ ಸಲ ಓದಬೇಕು. ಇವರಲ್ಲಿ ಯಾರೂ ಮಗಳೆಂಬ ಹಕ್ಕಿನಿಂದ ಗಾದಿ ಏರಿದವರಲ್ಲ. ಆ ಮನೆಗೆ ಸೊಸೆಯಾಗಿ ಬಂದು ವಿಧವೆಯಾದವರು. ಭಾಗೀರಥೀಬಾಯಿಗೆ ಸಂಸ್ಥಾನ ಮರಳಿದ್ದು ದತ್ತುಮಗ ಅಮೃತರಾಯನ ಸಲುವಾಗಿ. ಡಫಳಾಪುರದ ವಿಧವೆಯರು ಬದುಕಿರುವಷ್ಟು ದಿನ ಜಹಗೀರು ಅವರದು, ಅನಂತರ ಜತ್ತಕ್ಕೆ ಸೇರತಕ್ಕದ್ದು ಎಂದು ಮೊದಲೇ ನಿಶ್ಚಯವಾಗಿತ್ತು. 1917ರಲ್ಲಿ ಹಾಗೆಯೇ ಆಯಿತು. ಗಂಡು ಇಲ್ಲದ ಹೊತ್ತಿನಲ್ಲಿ ಗಂಡಿನ ಜಾಗವನ್ನು ಕಾದು, ಗಂಡು ಬಂದ ಕೂಡಲೇ ಎದ್ದು ಕೊಡುವುದು ಅವರ ಪಾಲಿಗೆ ಬಂದ ಅಧಿಕಾರ. ದೂರದ ಶಾಖೆಯ ಹುಡುಗನೊಬ್ಬನನ್ನು ಹುಡುಕಿ ತರಲು ಈ ವ್ಯವಸ್ಥೆಗೆ ಕಣ್ಣಿತ್ತು. ಮನೆಯಲ್ಲೇ ಹುಟ್ಟಿದ ಮಗಳನ್ನು ಕಾಣುವ ಕಣ್ಣು ಇರಲಿಲ್ಲ.

ಇದು ಜತ್ತದ ಮಾತು ಮಾತ್ರವಲ್ಲ. ನಾವು ಹೆಮ್ಮೆಯಿಂದ ನೆನೆಯುವ ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಬ್ರಿಟಿಷರನ್ನು ಎದುರಿಸಿದ್ದು ದತ್ತುಮಗನ ಹಕ್ಕಿಗಾಗಿ. ಅವಳ ಶೌರ್ಯಕ್ಕೆ ಇದರಿಂದ ಕುಂದಿಲ್ಲ. ಆದರೆ ಅಂಥ ಧೀರೆಗೂ ಹಕ್ಕನ್ನು ಕೇಳಲು ಒಬ್ಬ ಹುಡುಗನ ಹೆಸರು ಬೇಕಾಯಿತು ಎಂಬುದನ್ನು ನಾವು ಗಮನಿಸುವುದಿಲ್ಲ. ಹಕ್ಕು ಹೆಣ್ಣಿನ ಕೈ ದಾಟಿ ಹೋಗುತ್ತದೆ, ಹೆಣ್ಣಿನ ಕೈಯಲ್ಲಿ ನಿಲ್ಲುವುದಿಲ್ಲ. ಜತ್ತದ ಚರಿತ್ರೆಯಿಂದ ನಾನು ಕಲಿತ ಮುಖ್ಯ ಪಾಠ ಇದು.

ಗುಡ್ಡಾಪುರದ ದಾನಮ್ಮ, ಜತ್ತದ ಯಲ್ಲಮ್ಮ

ಅರಮನೆಯ ಈ ನಿಯಮ ಗುಡಿಯಲ್ಲಿ ಬೇರೆ ರೂಪ ಪಡೆಯುತ್ತದೆ. ಜತ್ತ ತಾಲೂಕಿನ ಗುಡ್ಡಾಪುರ ದಾನಮ್ಮದೇವಿಯ ಕ್ಷೇತ್ರ. ಪರಂಪರೆಯ ಕಥೆಯಂತೆ ಹತ್ತಿರದ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಎಂಬ ಹುಡುಗಿ, 12ನೆಯ ಶತಮಾನದ ಶರಣರ ಕಾಲದಲ್ಲಿ ತನ್ನ ದಾನಗುಣದಿಂದ ದಾನಮ್ಮ ಎನಿಸಿಕೊಂಡಳು. ಆ ಹೆಸರನ್ನು ಕೊಟ್ಟವನು ಬಸವಣ್ಣ ಎಂದು ಭಕ್ತರು ನಂಬುತ್ತಾರೆ. ಅಮಾವಾಸ್ಯೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಗಡಿ ದಾಟಿ ನಡೆದುಕೊಂಡು ಅಲ್ಲಿಗೆ ಬರುತ್ತಾರೆ. ರಾಜ್ಯಗಳ ಗಡಿಯನ್ನು ಲೆಕ್ಕಕ್ಕಿಡದ ಈ ಭಕ್ತಿಯನ್ನು ಕಂಡು ನನಗೆ ಸಂತೋಷವಾಯಿತು.

ಶರಣರ ಕಾಲ ಹೆಣ್ಣಿಗೆ ಒಂದು ಬಾಗಿಲು ತೆರೆದ ಕಾಲ. ಮೂವತ್ತಕ್ಕೂ ಹೆಚ್ಚು ಮಂದಿ ಹೆಂಗಸರು ಆಗ ವಚನ ರಚಿಸಿದರು. ಅವರಲ್ಲಿ ಕಸಬಿನ ಕೆಳಸ್ತರದವರೂ ಇದ್ದರು. ಎಂಟು ಶತಮಾನ ಕಳೆದ ಮೇಲೆ ಆ ಬಾಗಿಲಿನಿಂದ ನಮ್ಮ ಮನೆಯೊಳಕ್ಕೆ ಬಂದಿರುವುದು ಏನು? ದಾನಮ್ಮನ ಕೊಡುವ ಗುಣವನ್ನು ನಾವು ಹೆಣ್ಣುಮಕ್ಕಳಿಗೆ ಆದರ್ಶವಾಗಿ ಹೇಳಿದೆವು. ಕೊಡುವುದಕ್ಕೆ ಮೊದಲು ಕೈಯಲ್ಲಿ ಇರಬೇಕಲ್ಲವೇ ಎಂಬ ಪ್ರಶ್ನೆಯನ್ನು ಕೇಳಲಿಲ್ಲ. ತನ್ನದೆಂಬುದು ಇದ್ದು ಅದನ್ನು ಹಂಚುವವಳು ದಾನಿ. ತನ್ನದೆಂಬುದೇ ಇಲ್ಲದೆ ಬಿಟ್ಟುಕೊಡುವವಳನ್ನು ದಾನಿ ಎಂದು ಹೊಗಳುವುದು ಅವಳ ಬಾಯಿ ಮುಚ್ಚಿಸುವ ಉಪಾಯ.

ಇದೇ ಸೀಮೆಯಲ್ಲಿ ಇನ್ನೊಂದು ದೇವಿಯ ಜಾತ್ರೆಯೂ ನಡೆಯುತ್ತದೆ. ಜತ್ತ ಪಟ್ಟಣದ ಯಲ್ಲಮ್ಮನ ಜಾತ್ರೆ ದನಗಳ ಸಂತೆಗೂ ಹೆಸರಾದುದು. ಸವದತ್ತಿಯಿಂದ ಜತ್ತದವರೆಗೆ, ಬೆಳಗಾವಿ, ವಿಜಯಪುರ, ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳ ಈ ಇಡೀ ಪಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿ ಬೇರುಬಿಟ್ಟಿತ್ತು. ಹೆಚ್ಚಾಗಿ ದಲಿತ ಮನೆಗಳ ಹುಡುಗಿಯರು ಅದಕ್ಕೆ ಬಲಿಯಾದರು.

ಈ ಪದ್ಧತಿಯನ್ನು ಮೂಢನಂಬಿಕೆ ಎಂದಷ್ಟೇ ಹೇಳಿ ಮುಗಿಸುವುದು ಸುಲಭ. ಆದರೆ ಅದರ ಒಳಗೆ ಒಂದು ಲೆಕ್ಕಾಚಾರವಿತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವಿಗೆ ಬಿಟ್ಟರೆ ಅವಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ, ತಂದೆತಾಯಿಯರನ್ನು ಸಾಕುತ್ತಾಳೆ, ಗಂಡುಮಗನಂತೆ ಮನೆಯ ಪಾಲಿಗೆ ಹಕ್ಕುದಾರಳಾಗುತ್ತಾಳೆ, ಅವಳ ಮಕ್ಕಳು ಅದೇ ಮನೆಯವರಾಗುತ್ತಾರೆ. ಬಳ್ಳಾರಿ ಕಡೆಯ ಬಸವಿಯರ ಬಗ್ಗೆ 1890ರ ಸುಮಾರಿಗೆ ಬರೆದ ಪೊಲೀಸ್ ಅಧಿಕಾರಿ ಫಾಸೆಟ್, ದೇವರಿಗೆ ಬಿಟ್ಟುದರಿಂದ ಗಂಡಿನ ಹಕ್ಕು ಪಡೆಯುವ ಹೆಂಗಸರು ಇವರು ಎಂದು ತನ್ನ ಲೇಖನದ ಹೆಸರಿನಲ್ಲಿಯೇ ಸೂಚಿಸಿದ್ದ. ಮಗಳು ಮಗಳಾಗಿಯೇ ಇದ್ದು ತವರಿನಲ್ಲಿ ಹಕ್ಕು ಪಡೆಯುವ ದಾರಿ ಇರಲಿಲ್ಲ. ಅವಳು ದೇವರ ಹೆಸರಿನಲ್ಲಿ ಗಂಡಾಗಬೇಕಿತ್ತು, ಅದರ ಬೆಲೆಯನ್ನು ತನ್ನ ದೇಹದಿಂದ ತೆರಬೇಕಿತ್ತು. ಮಗಳಿಗೂ ಪಾಲಿದೆ ಎಂಬ ಒಂದು ಸರಳವಾದ ನ್ಯಾಯ ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಮುತ್ತು ಕಟ್ಟುವ ಕಾರಣವೇ ಇರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಕಾನೂನು ತಡವಾಗಿ ಬಂತು, ತುಂಡುತುಂಡಾಗಿ ಬಂತು. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆಯು ಬ್ರಿಟಿಷ್ ಪ್ರಾಂತ್ಯಕ್ಕೆ ಸೇರಿದ್ದು. ಸಂಸ್ಥಾನವಾಗಿದ್ದ ಜತ್ತಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ತಮ್ಮ ತಮ್ಮ ಕಾಯ್ದೆಗಳನ್ನು ಮಾಡಿದವು. ಗಡಿಯ ಎರಡು ಕಡೆ ಎರಡು ಕಾನೂನುಗಳಿದ್ದಷ್ಟು ಕಾಲ ಒಂದು ಕಡೆ ತಪ್ಪಿಸಿಕೊಂಡದ್ದು ಇನ್ನೊಂದು ಕಡೆ ನಡೆಯಲು ಅವಕಾಶವಿತ್ತು. ಕಾನೂನಿಗಿಂತ ಮೊದಲು ಎಚ್ಚರಗೊಂಡವರು ಸಾಮಾಜಿಕ ಕಾರ್ಯಕರ್ತರು. 1975ರಲ್ಲಿ ಗಡಿಭಾಗದ ಗಡಹಿಂಗ್ಲಜದಲ್ಲಿ ದೇವದಾಸಿ ಪ್ರಶ್ನೆಯ ಕುರಿತು ಪರಿಷತ್ತು ನಡೆಯಿತು. ಅನಂತರ ಆ ಹೆಂಗಸರೇ ಮುಂದೆ ಬಂದು ಮಾತಾಡತೊಡಗಿದರು.

ಹೊಲ ಯಾರ ಹೆಸರಿನಲ್ಲಿ?

ಗಾದಿಯಲ್ಲಿ ನಡೆದದ್ದೇ ಹೊಲದಲ್ಲಿಯೂ ನಡೆಯುತ್ತದೆ. ನಮ್ಮಲ್ಲಿ ಆಸ್ತಿಯ ದಾಖಲೆಗೆ ಆಧಾರ, ತೀರ್ವೆ ರಶೀದಿ ಎಂದು ಹೇಳುವಂತೆ ಜತ್ತದಲ್ಲಿ ಸಾತಬಾರಾ ಉತಾರ ಎನ್ನುತ್ತಾರೆ. ಕನ್ನಡ ಮಾತಾಡುವ ರೈತನ ಹೊಲದ ಮೇಲಿನ ಹಕ್ಕು ಮರಾಠಿ ಅಕ್ಷರದಲ್ಲಿ ಬರೆದಿರುತ್ತದೆ ಎಂಬುದು ಅಲ್ಲಿಯ ಕನ್ನಡಿಗರ ದೂರು. ನ್ಯಾಯವಾದ ದೂರು. ಆ ಕಾಗದವನ್ನು ಓದಲಾರದ ಗಂಡಸಿನ ಹೆಸರಾದರೂ ಅದರಲ್ಲಿದೆ. ಅವನ ಹೆಂಡತಿಯ, ಅಕ್ಕತಂಗಿಯರ ಹೆಸರು ಬಹಳ ಮನೆಗಳಲ್ಲಿ ಯಾವ ಅಕ್ಷರದಲ್ಲಿಯೂ ಇಲ್ಲ.

ಸಂಖದ ಕಡೆಯ ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ವಯಸ್ಸಾದ ಹೆಂಗಸೊಬ್ಬರನ್ನು, "ಅಮ್ಮಾ, ಹೊಲ ಯಾರ ಹೆಸರಿನಲ್ಲಿದೆ?" ಎಂದು ಕೇಳಿದೆ.

"ಹೊಲಾ ಮಗನ ಹೆಸರಿಲೆ ಐತ್ರಿ ಮಾಸ್ತರ. ನನ್ನ ಹೆಸರಿಲೆ ಗುಂಪಿನ ಸಾಲ ಐತಿ," ಎಂದರು. ಸೊಸೆ ಒಳಗಿನಿಂದ ನಕ್ಕಳು.

"ನಿಮ್ಮ ತವರಿನ ಹೊಲದಲ್ಲಿ ನಿಮಗೆ ಪಾಲು ಬರಲಿಲ್ಲವೇ?"

"ಸಹಿ ಮಾಡಿಕೊಟ್ಟೀನ್ರಿ. ಪಾಲ ಕೇಳಿದ್ರ ತವರಮನಿ ಬಾಗಲಾ ಮುಚ್ಚತೈತಿ. ವರ್ಷಕ್ಕೊಂದು ಸೀರಿ, ಉಡಿ ತುಂಬೂದು, ಅಷ್ಟ ಸಾಕ್ರಿ."

ಈ ಸಹಿಗೆ ಮಹಾರಾಷ್ಟ್ರದಲ್ಲಿ ಹಕ್ಕಸೋಡ ಪತ್ರ ಎಂದು ಹೆಸರು, ಅಂದರೆ ಹಕ್ಕು ಬಿಟ್ಟ ಪತ್ರ. ಕಾನೂನು ಕೊಟ್ಟದ್ದನ್ನು ಪ್ರೀತಿಯ ಹೆಸರಿನಲ್ಲಿ ಹಿಂತಿರುಗಿಸುವ ಕಾಗದ ಇದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. 1994ರಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಮಗಳನ್ನು ಸಮಾನ ಹಕ್ಕುದಾರಳನ್ನಾಗಿ ಮಾಡಿದುವು. ಆದರೆ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟವು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಶಾಸನಸಭೆಯನ್ನೂ ಹೊಕ್ಕಿತ್ತು! 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅಲ್ಲಿಗೆ ಕಾಯ್ದೆಯ ದಾರಿ ಬಹುಮಟ್ಟಿಗೆ ತೆರವಾಯಿತು. ಈಗ ದಾರಿಗೆ ಅಡ್ಡವಾಗಿರುವುದು ಆ ಒಂದು ಸೀರೆ.

ಆ ಹೆಂಗಸನ್ನು ತಿಳಿವಳಿಕೆ ಇಲ್ಲದವಳು ಎನ್ನಲು ನನಗೆ ಮನಸ್ಸಾಗದು. ಗಂಡನ ಮನೆಯಲ್ಲಿ ತೊಂದರೆಯಾದರೆ ಹೋಗಿ ನಿಲ್ಲಲು ಅವಳಿಗಿರುವುದು ತವರೊಂದೇ. ಆ ಬಾಗಿಲನ್ನು ತೆರೆದಿಡಲು ಅವಳು ಹೊಲವನ್ನು ತೆತ್ತಳು. ತವರಿನ ಪ್ರೀತಿಗೆ ಒಂದು ಬೆಲೆ ಇಟ್ಟವರು ಯಾರು, ಆ ಬೆಲೆಯನ್ನು ಮಗಳಿಂದ ಮಾತ್ರ ವಸೂಲು ಮಾಡುವುದೇಕೆ ಎಂಬುದನ್ನು ಅಣ್ಣತಮ್ಮಂದಿರಾದ ನಾವು ಕೇಳಿಕೊಳ್ಳಬೇಕು.

ನಮ್ಮ ಅಳಿಯಸಂತಾನದ ಹೆಮ್ಮೆ

ಇಲ್ಲಿಗೆ ಬಂದಾಗ ಕಾಸರಗೋಡಿನ ಓದುಗರಲ್ಲಿ ಕೆಲವರಿಗೆ, ನಮ್ಮಲ್ಲಿ ಹೀಗಿರಲಿಲ್ಲ ಎಂಬ ಸಮಾಧಾನ ಹುಟ್ಟಬಹುದು. ತುಳುನಾಡಿನ ಅಳಿಯಸಂತಾನ, ಮಲೆಯಾಳದ ಮರುಮಕ್ಕತ್ತಾಯ ಎರಡರಲ್ಲಿಯೂ ವಂಶ ಹೆಣ್ಣಿನಿಂದ ಎಣಿಕೆಯಾಗುತ್ತಿತ್ತು. 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಚೌಟ ಮನೆತನದ ಹೆಣ್ಣಾಗಿ ಹಕ್ಕಿನಿಂದಲೇ ಪಟ್ಟಕ್ಕೆ ಬಂದಳು. ಜತ್ತದ ರೇಣುಕಾಬಾಯಿಗೆ ಇಲ್ಲದ ಒಂದು ನೆಲೆ ಅವಳಿಗಿತ್ತು. ನಮ್ಮ ಕರಾವಳಿಯ ಹೆಣ್ಣಿಗೆ ತವರು ಎಂಬುದು ನೆಂಟಸ್ತಿಕೆಯ ಮನೆಯಾಗಿರಲಿಲ್ಲ, ಅವಳ ಸ್ವಂತ ಮನೆಯಾಗಿತ್ತು. ಇದು ಸಣ್ಣ ಸಂಗತಿಯಲ್ಲ.

ಆದರೆ ಈ ಹೆಮ್ಮೆಯನ್ನೂ ಎರಡನೆಯ ಸಲ ಓದಬೇಕು. ನಮ್ಮ ಕುಟುಂಬ ನನ್ನ ಅಜ್ಜಿಯ ಕವಲು ಎಂದೇ ಗುರುತಾಗಿತ್ತು. ಮನೆಯ ಹಳೆಯ ಕಾಗದಗಳಲ್ಲಿ ನಾನು ಕಂಡ ಸಹಿಯೆಲ್ಲ ಅಜ್ಜಿಯ ಅಣ್ಣನದು. ಗೇಣಿ ಚೀಟಿ, ಅಡವು, ವ್ಯಾಜ್ಯ ಎಲ್ಲವೂ ಯಜಮಾನನ ಕೈಯಲ್ಲಿ. ಅಜ್ಜಿಯ ಬಳಿ ಇದ್ದದ್ದು ಅಕ್ಕಿಯ ಕಣಜದ ಬೀಗದ ಕೈ. ಆಸ್ತಿ ಅಲ್ಲಿಯೂ ಹೆಣ್ಣಿನ ಮೂಲಕ ಹರಿಯಿತು. ಮಾವನಿಂದ ಅಳಿಯನಿಗೆ ಹೋಯಿತು. ಯಜಮಾನಿತಿಯಾಗಿ ಆಡಳಿತ ಮಾಡಿದ ಹೆಂಗಸರು ಇದ್ದರು, ನಿಜ. ಅವರು ನಿಯಮಕ್ಕಿಂತ ಹೆಚ್ಚಾಗಿ ಅಪವಾದ.

ಪಾಲು ಮಾಡಿಕೊಳ್ಳುವ ಹಕ್ಕನ್ನು ಮದರಾಸಿನ 1932ರ ಮರುಮಕ್ಕತ್ತಾಯ ಕಾಯ್ದೆ, 1949ರ ಅಳಿಯಸಂತಾನ ಕಾಯ್ದೆಗಳು ಕೊಟ್ಟವು. ಕೇರಳವು 1975ರ ಕಾಯ್ದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. ಹಳೆಯದು ಹೋದದ್ದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಅದು ಹೋದ ಮೇಲೆ ನಮ್ಮ ಮನೆಗಳಿಗೆ ವರದಕ್ಷಿಣೆ ಬಂದದ್ದು ಮಾತ್ರ ನಾವೆಲ್ಲ ಕಂಡದ್ದೇ. ಜತ್ತದಲ್ಲಿ ಎಂದೂ ಕೊಡದೆ ಇದ್ದುದನ್ನು ನಾವು ಇಲ್ಲಿ ಕೊಟ್ಟು ಹಿಂದೆ ತೆಗೆದುಕೊಂಡೆವು.

ಒಂದು ಕೋಯ್ತಾ, ಎರಡು ಜೀವ

ದುಡಿಮೆಯಲ್ಲಿ ಈ ನಿಯಮ ಇನ್ನೂ ಬಯಲಾಗಿ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷ ಜತ್ತದ ಎಷ್ಟೋ ಕುಟುಂಬಗಳು ದಸರಾ ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಊರು ಬಿಡುತ್ತವೆ. ಕಾರ್ಖಾನೆಯ ಲೆಕ್ಕದಲ್ಲಿ ಗಂಡಹೆಂಡಿರ ಜೋಡಿಗೆ ಒಂದು ಕೋಯ್ತಾ ಎಂದು ಹೆಸರು. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ದುಡಿದರೂ ಎಣಿಕೆ ಒಂದೇ. ಮುಕಾದಮ ಕೊಡುವ ಮುಂಗಡ, ಅಂದರೆ ಉಚಲ್, ಗಂಡಿನ ಕೈಗೆ ಬರುತ್ತದೆ. ಅದನ್ನು ತೀರಿಸಲು ಇಬ್ಬರೂ ದುಡಿಯುತ್ತಾರೆ. ಗಂಡ ಕಡಿದದ್ದನ್ನು ಕಟ್ಟಿ, ಹೊರೆ ಹೊತ್ತು ಗಾಡಿಗೆ ಏರಿಸುವವಳು ಹೆಂಡತಿ. ಬೆಳಗಿನ ಜಾವದ ಅಡಿಗೆ, ರಾತ್ರಿಯ ಅಡಿಗೆ ಲೆಕ್ಕಕ್ಕೆ ಬರುವುದೇ ಇಲ್ಲ.

ಜೊತೆಯಲ್ಲಿ ಹೋದ ಮಕ್ಕಳಲ್ಲಿ ದೊಡ್ಡ ಹುಡುಗಿ ಚಿಕ್ಕದನ್ನು ನೋಡಿಕೊಳ್ಳುತ್ತಾಳೆ. ಅವಳ ಶಾಲೆ ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು. ಅವಳಿಗೆ ಕಲಿಸಬಾರದೆಂದು ಮನೆಯಲ್ಲಿ ಯಾರೂ ನಿರ್ಧರಿಸಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಯಾರಾದರೂ ಬೇಕಿತ್ತು, ಅಷ್ಟೇ. ಅಸಮಾನತೆ ಹೀಗೆ ಯಾರ ಕೆಟ್ಟ ಮನಸ್ಸೂ ಇಲ್ಲದೆ, ದಿನದ ಅಗತ್ಯದ ಹೆಸರಿನಲ್ಲಿ ತಾಯಿಯಿಂದ ಮಗಳಿಗೆ ದಾಟುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲಿಯೇ ಸೇರಿಕೊಳ್ಳುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಪ್ರಾಥಮ ಶಾಲೆಗಳು ಜತ್ತದ ಹಳ್ಳಿಗಳಲ್ಲಿವೆ. 2024ರಲ್ಲಿ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಿದ್ದು ಸುದ್ದಿಯಾಯಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಕಳುಹಿಸುವ ಕಥೆ ನಮಗೂ ಹೊಸದಲ್ಲ. ಕೆಳಗಿನ ತರಗತಿಗಳು ಮುಗಿದ ಮೇಲೆ ಕನ್ನಡದಲ್ಲಿ ಮುಂದೆ ಓದಬೇಕಾದರೆ ದೂರ ಹೋಗಬೇಕು. ಮಗನಾದರೆ ಅಥಣಿಗೋ ವಿಜಯಪುರಕ್ಕೋ ಕಳುಹಿಸಿ ಹಾಸ್ಟೆಲಿನಲ್ಲಿ ಇಡುತ್ತಾರೆ. ಮಗಳಾದರೆ ದೂರ ಎನ್ನುತ್ತಾರೆ. ಉಮದಿಯಿಂದ ಸಾಂಗಲಿಗಿಂತ ವಿಜಯಪುರ ಬಹಳ ಹತ್ತಿರ. ಅಲ್ಲಿ 2003ರಲ್ಲಿ ಆರಂಭವಾಗಿ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯವೇ ಇದೆ. ಮದುವೆ ಮಾಡಿ ಹೆಣ್ಣನ್ನು ಅದೇ ವಿಜಯಪುರಕ್ಕೆ ಕೊಡುವಾಗ ಯಾರಿಗೂ ದೂರ ಅನಿಸುವುದಿಲ್ಲ.

ಭಾಷಾ ಅಲ್ಪಸಂಖ್ಯಾತರಾದ ನಾವು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಮನೆಯಲ್ಲಿ ಕನ್ನಡ ಉಳಿದಿರುವುದು ಹೆಂಗಸರಿಂದ ಎಂದು ನಾವು ಸಭೆಗಳಲ್ಲಿ ಹೊಗಳುತ್ತೇವೆ. ಆಡಳಿತ ಭಾಷೆ ಬಲ್ಲ ಗಂಡಸು ಹೊರಗಿನ ವ್ಯವಹಾರಕ್ಕೆ, ಕನ್ನಡ ಮಾತ್ರ ಬಲ್ಲ ಹೆಂಗಸು ಒಳಗಿನ ಕೆಲಸಕ್ಕೆ ಎಂಬ ಹಂಚಿಕೆ ಅದರ ಹಿಂದಿದೆ. ಮರಾಠಿಯಲ್ಲಿರುವ ಹಕ್ಕಸೋಡ ಪತ್ರಕ್ಕೆ ಸಹಿ ಹಾಕುವ ಕನ್ನಡದ ಹೆಂಗಸು, ಮಲಯಾಳದ ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತಿದ ನಮ್ಮ ಹಿರಿಯಳು, ಇಬ್ಬರೂ ಆ ಹಂಚಿಕೆಯ ಫಲವನ್ನು ಉಂಡವರು. ಭಾಷೆಯನ್ನು ಉಳಿಸುವ ಭಾರ ಹೆಣ್ಣಿನದು, ಭಾಷೆ ಬಾರದ ನಷ್ಟವೂ ಅವಳದೇ ಎಂದಾದರೆ ಆ ಭಾಷಾಭಿಮಾನ ಅರ್ಧದ್ದು.

ಹುಟ್ಟುವ ಮೊದಲೇ

ಹೊಲ, ಕೂಲಿ, ಶಾಲೆ ಎಲ್ಲದರಲ್ಲಿಯೂ ಹೆಣ್ಣನ್ನು ದಾಟಿಹೋಗುವ ದಾರಿಯೆಂದು ಕಂಡ ಸಮಾಜ, ಕೊನೆಗೆ ಆ ದಾರಿಯೇ ಬೇಡವೆಂದು ತೀರ್ಮಾನಿಸಿದ್ದರ ಲೆಕ್ಕ ಜನಗಣತಿಯಲ್ಲಿದೆ. ಸಾಂಗಲಿ ಜಿಲ್ಲೆಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 1991ರಲ್ಲಿ 924 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಆ ಸಂಖ್ಯೆ 851ಕ್ಕೆ ಇಳಿಯಿತು. 2011ರಲ್ಲಿ 867. ಅದೇ 2011ರಲ್ಲಿ ಕೇರಳದ ಸಂಖ್ಯೆ 964. ಇದು ಬಡತನದ ಫಲವೆನ್ನುವಂತಿಲ್ಲ. ಕಬ್ಬು, ಸಹಕಾರ, ಶಿಕ್ಷಣಗಳಲ್ಲಿ ಹೆಸರಾದ ಸಾಂಗಲಿ, ಕೊಲ್ಲಾಪುರಗಳಂಥ ಜಿಲ್ಲೆಗಳಲ್ಲಿಯೇ ಹೀಗಾಯಿತು. ಭ್ರೂಣಲಿಂಗ ಪರೀಕ್ಷೆಯ ವಿರುದ್ಧ ದೇಶದಲ್ಲೇ ಮೊದಲು, 1988ರಲ್ಲಿ, ಕಾಯ್ದೆ ಮಾಡಿದ ರಾಜ್ಯವೂ ಮಹಾರಾಷ್ಟ್ರವೇ. 1994ರಲ್ಲಿ ಕೇಂದ್ರದ ಕಾಯ್ದೆ ಬಂತು. ಆ ಬಳಿಕವೇ ಸಂಖ್ಯೆ ಕುಸಿಯಿತು.

ನೆರೆಯ ಸಾತಾರಾದಲ್ಲಿ ಬೇಡವಾಗಿ ಹುಟ್ಟಿದ ಹುಡುಗಿಗೆ ನಕೋಶಿ ಎಂದು ಹೆಸರಿಡುತ್ತಿದ್ದರು. ನಕೋಶಿ ಎಂದರೆ ಬೇಡವಾದವಳು. 2011ರಲ್ಲಿ ಅಲ್ಲಿ 285 ನಕೋಶಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಬೇಡವಾದರೂ ಅವರು ಹುಟ್ಟಿದ್ದರು. ಮುಂದಿನವರಿಗೆ ಅದೂ ಕಷ್ಟವಾಯಿತು. 2017ರ ಮಾರ್ಚಿನಲ್ಲಿ ಮಿರಜ ತಾಲೂಕಿನ ಮ್ಹೈಸಾಳದಲ್ಲಿ, ಗರ್ಭಪಾತದ ವೇಳೆ ಒಬ್ಬ ತರುಣಿ ತೀರಿಕೊಂಡ ಬಳಿಕ ನಡೆದ ತನಿಖೆಯಲ್ಲಿ ನೆಲದಡಿ ಹೂತ 19 ಭ್ರೂಣಗಳು ಸಿಕ್ಕವು. ತನಿಖೆಯ ಎಳೆ ಗಡಿ ದಾಟಿ ಕರ್ನಾಟಕದೊಳಕ್ಕೂ ಹೋಯಿತು. ಜತ್ತದ ರೈತರಿಗೆ ಮ್ಹೈಸಾಳ ಎಂದರೆ ನೀರು. ಕೃಷ್ಣೆಯನ್ನು ಎತ್ತಿ ಬರದ ಸೀಮೆಗೆ ತರುವ ಏತ ನೀರಾವರಿ ಯೋಜನೆಯ ಹೆಸರು ಅದು. ಅದೇ ಹೆಸರನ್ನು ಈಗ ಅವರು ಎರಡು ಕಾರಣಗಳಿಗಾಗಿ ನೆನೆಯಬೇಕಾಗಿದೆ.

ಸರಪಳಿ ಕಡಿದವರು

ಇಷ್ಟು ಓದಿ ನಿರಾಶರಾಗಬೇಕಾಗಿಲ್ಲ. ತಲೆಮಾರಿನಿಂದ ತಲೆಮಾರಿಗೆ ಕಟ್ಟಿಕೊಂಡು ಬಂದುದನ್ನು ಒಂದು ತಲೆಮಾರು ಬಿಚ್ಚಬಲ್ಲುದು. ಅದಕ್ಕೂ ಸಾಂಗಲಿ ಜಿಲ್ಲೆಯಲ್ಲೇ ಉದಾಹರಣೆ ಇದೆ. 1980ರ ದಶಕದಲ್ಲಿ ಇಂದುಮತಿ ಪಾಟಣಕರ ಮತ್ತು ಅವರ ಜೊತೆಗಾರರು ಗಂಡ ಬಿಟ್ಟ ಹೆಂಗಸರನ್ನು ಸಂಘಟಿಸಿದರು. ಅಮೆರಿಕದಿಂದ ಬಂದು ಅದೇ ಜಿಲ್ಲೆಯ ಕಾಸೇಗಾವದಲ್ಲಿ ನೆಲೆಸಿ 2021ರಲ್ಲಿ ತೀರಿಕೊಂಡ ವಿದುಷಿ ಗೇಲ್ ಓಮ್ವೆಟ್ ಆ ಚಳವಳಿಯ ಜೊತೆಗಿದ್ದರು. ಪರಿತ್ಯಕ್ತೆಯರೆಂದು ಕರೆಸಿಕೊಳ್ಳುತ್ತಿದ್ದ ಆ ಹೆಂಗಸರು ಕನಿಕರವನ್ನು ಕೇಳಲಿಲ್ಲ. ತಮ್ಮ ಹೆಸರಿನಲ್ಲಿ ರೇಷನ್ ಕಾರ್ಡು, ತಮ್ಮ ಹೆಸರಿನಲ್ಲಿ ಮನೆ ಕಟ್ಟುವಷ್ಟು ಜಾಗ ಕೇಳಿದರು. ಅದೇ ಕಾಲಕ್ಕೆ ಶೇತಕರಿ ಸಂಘಟನೆಯ ಲಕ್ಷ್ಮೀ ಮುಕ್ತಿ ಕಾರ್ಯಕ್ರಮದಲ್ಲಿ ಮಹಾರಾಷ್ಟ್ರದ ಹಲವು ರೈತರು ಜಮೀನಿನ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಬರೆದುಕೊಟ್ಟರು. ಹೆಣ್ಣಿನ ಕೈ ದಾಟಿ ಹೋಗುತ್ತಿದ್ದ ಹಕ್ಕು ಅಲ್ಲಿ ಅವಳ ಕೈಯಲ್ಲಿ ನಿಂತಿತು.

ಪಂಚಾಯತುಗಳಲ್ಲಿ ಈಗ ಮಹಾರಾಷ್ಟ್ರದಲ್ಲಿಯೂ ಕೇರಳದಲ್ಲಿಯೂ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ. ಅಧ್ಯಕ್ಷೆಯ ಹೆಸರಿನಲ್ಲಿ ಗಂಡನೇ ಆಡಳಿತ ಮಾಡುವುದನ್ನು ಕಂಡು ನಾವು ನಗುತ್ತೇವೆ. ನಗಬಾರದು. ಅದು ರೇಣುಕಾಬಾಯಿಯ ಕಾಲದ ನಿಯಮ: ಜಾಗ ನಿನ್ನದು, ಹಕ್ಕು ನಮ್ಮದು. ಒಂದು ಅವಧಿಯಲ್ಲಿ ಹಿಂದೆ ಕುಳಿತವಳು ಮುಂದಿನ ಅವಧಿಯಲ್ಲಿ ತಾನೇ ಮಾತಾಡುವುದನ್ನೂ ನಾನು ನಮ್ಮ ಊರಿನಲ್ಲಿ ನೋಡಿದ್ದೇನೆ.

ಗಡಿಯ ಪ್ರಶ್ನೆ ನಮ್ಮ ಕೈಯಲ್ಲಿಲ್ಲ. ಅದು ನ್ಯಾಯಾಲಯ, ದಿಲ್ಲಿಗಳ ಕೈಯಲ್ಲಿದೆ. ಮನೆಯ ಪಾಲುಪತ್ರ ನಮ್ಮ ಕೈಯಲ್ಲಿದೆ. ಈ ಸಂಚಿಕೆ ತಲುಪುವ ಮನೆಗಳಲ್ಲಿ ಎಲ್ಲಿಯಾದರೂ ಈ ವರ್ಷ ಆಸ್ತಿ ಹಂಚಿಕೆ ನಡೆಯುವುದಿದ್ದರೆ, ಒಂದು ಕೆಲಸ ಮಾಡಬಹುದು. ಅಕ್ಕತಂಗಿಯರ ಮುಂದೆ ಸಹಿಗೆ ಕಾಗದ ಇಡುವ ಮೊದಲು ಅದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಿ. ಎಷ್ಟು ಸೆಂಟ್ಸು, ಯಾವ ಸರ್ವೆ ನಂಬರು, ಎಷ್ಟು ಬೆಲೆ ಎಂಬುದನ್ನು ಹೇಳಿ. ಸಹಿ ಮಾಡದಿದ್ದರೂ ಓಣಂಗೆ, ದೀಪಾವಳಿಗೆ ಈ ಬಾಗಿಲು ತೆರೆದೇ ಇರುತ್ತದೆ ಎಂದೂ ಹೇಳಿ. ಅಷ್ಟಾದ ಮೇಲೆ ಅವರು ಏನು ಮಾಡುತ್ತಾರೆ ಎಂಬುದನ್ನು ಅವರಿಗೇ ಬಿಡಿ.